ಎಡಕ್ಕೆ ತಿರುಗಿದ ಗೆರೆ

ಬರಹಕ್ಕೆ ಚಿತ್ರ ಬರೆಯುವುದೆಂದರೆ ಬರಹದಲ್ಲಿರುವುದನ್ನೇ ಇನ್ನೊಮ್ಮೆ ಬಣ್ಣದಲ್ಲಿ ಹೇಳುವುದು ಎಂದು ನಾವೆಲ್ಲ ನಂಬಿಕೊಂಡಿದ್ದ ಕಾಲದಲ್ಲಿ, ಬರಹ ಹೇಳಲಾರದೆ ಬಿಟ್ಟದ್ದನ್ನು ನಾಲ್ಕೇ ಗೆರೆಗಳಲ್ಲಿ ಹೇಳಿ ತೋರಿಸಿದವರು ಈ ಅಭಿನಂದನ ಗ್ರಂಥದ ಗೌರವಕ್ಕೆ ಪಾತ್ರರಾಗಿರುವ ನಮ್ಮ ಹಿರಿಯ ಕಲಾವಿದೆ. ವಿಚಾರವನ್ನೇ ಚಿತ್ರವಾಗಿಸುವ ಪರಿಕಲ್ಪನಾ ಚಿತ್ರಕಲೆಗೆ ನಮ್ಮಲ್ಲಿ ಒಂದು ಮೇಜು, ಒಂದು ಕುರ್ಚಿ ಮತ್ತು ಒಂದಿಷ್ಟು ಮರ್ಯಾದೆ ದೊರಕಿದ್ದು ಅವರಿಂದಲೇ ಎಂಬುದು ನಿರ್ವಿವಾದ. ಪತ್ರಿಕೆಯ ಪುಟಗಳಲ್ಲಿ, ಪುಸ್ತಕಗಳ ಹೊದಿಕೆಗಳಲ್ಲಿ, ಶಾಲೆ ಆಸ್ಪತ್ರೆಗಳ ಗೋಡೆಗಳ ಮೇಲೆ ಮೂವತ್ತಾರು ವರ್ಷ ಅವರು ಮಾಡಿದ ಕೆಲಸಕ್ಕೆ ಸರಿಸಾಟಿಯಾದುದನ್ನು ನಮ್ಮ ಪೀಳಿಗೆಯಲ್ಲಿ ಮತ್ತೊಬ್ಬರು ಮಾಡಿಲ್ಲ. ಮಾಡಬೇಕೆಂದು ಒದ್ದಾಡಿದವರಲ್ಲಿ ನಾನೂ ಒಬ್ಬ. ಆದ್ದರಿಂದ ಈ ಮೂರು ವಾಕ್ಯಗಳನ್ನು ಬರೆಯಲು ನನಗೆ ಮೂರು ದಿನ ಹಿಡಿಯಿತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸಂಪಾದಕ ಮಂಡಳಿಯವರು ಈ ಗ್ರಂಥದ ಮುಖಪುಟಕ್ಕೆ ಆಸ್ಪತ್ರೆಯ ಗೋಡೆಯ ಮೇಲಿನ ಆ ಪ್ರಸಿದ್ಧ ಖಾಲಿ ಕುರ್ಚಿಯ ಚಿತ್ರವನ್ನು ಆರಿಸಿದ್ದಾರೆ. ಅದರ ಕೆಳಗೆ ತಮ್ಮ ಹೆಸರಿನ ಜೊತೆಗೆ ನನ್ನ ಹೆಸರೂ ಇರಬೇಕು, ಇಲ್ಲದಿದ್ದರೆ ಗ್ರಂಥವೇ ಬೇಡ ಎಂದು ಕಲಾವಿದೆಯವರು ಹಟ ಹಿಡಿದಿದ್ದಾರೆ. ನನ್ನ ಹೆಸರಿಗೆ ಅಲ್ಲಿ ಕೂರುವ ಯೋಗ್ಯತೆ ಇದೆಯೇ ಎಂಬುದನ್ನು ಓದುಗರು ತೀರ್ಮಾನಿಸಬೇಕಾದರೆ ಹತ್ತೊಂಬತ್ತು ವರ್ಷ ನಾನು ಹೆಂಡತಿಗೂ ಹೇಳದೆ ಬಚ್ಚಿಟ್ಟುಕೊಂಡ ಒಂದು ಸಂಗತಿಯನ್ನು ಹೇಳಲೇಬೇಕು. ಇದರಲ್ಲಿ ಒಂದಕ್ಷರವನ್ನೂ ಕತ್ತರಿಸುವುದಿಲ್ಲವೆಂದು ಸಂಪಾದಕರಿಂದ ಮಾತು ತೆಗೆದುಕೊಂಡೇ ಬರೆಯಲು ಕೂತಿದ್ದೇನೆ.

ನಾವಿಬ್ಬರೂ ವಾರಪತ್ರಿಕೆಯ ಚಿತ್ರ ವಿಭಾಗಕ್ಕೆ ಸೇರಿದ್ದು ಒಂದೇ ವಾರದಲ್ಲಿ. ಆ ಕೋಣೆಗೆ ಒಂದೇ ಕಿಟಕಿ. ಕಿಟಕಿಯ ಪಕ್ಕದ ಮೇಜು ನನಗೆ ಸಿಕ್ಕಿತು, ಏಕೆಂದರೆ ನಾನು ಸೋಮವಾರ ಸೇರಿದವನು, ಅವರು ಗುರುವಾರ. ನನ್ನ ಇಡೀ ವೃತ್ತಿಜೀವನದಲ್ಲಿ ಅವರಿಗಿಂತ ನಾನು ಮುಂದಿದ್ದದ್ದು ಆ ಮೂರು ದಿನ ಮಾತ್ರ. ನನ್ನ ಕೈ ಒಳ್ಳೆಯದೆಂದು ಎಲ್ಲರೂ ಒಪ್ಪುತ್ತಿದ್ದರು. ಮುದುಕನ ಮುಖ ಬರೆದರೆ ಒಂದು ಸುಕ್ಕನ್ನೂ ಬಿಡುತ್ತಿರಲಿಲ್ಲ. ರೆಪ್ಪೆಗೂದಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಹಾಗಾಗಿ ಕಚೇರಿಯಲ್ಲಿ ನನಗೆ ‘ರೆಪ್ಪೆ ಮಾಸ್ತರು’ ಎಂಬ ಹೆಸರು ಬಿತ್ತು. ಅವರಿಗೆ ಬಿದ್ದ ಹೆಸರು ‘ಒಂದ್ನಿಮಿಷ’. ಯಾವ ಕೆಲಸ ಕೊಟ್ಟರೂ ಅವರು ಮೊದಲು ಹೇಳುತ್ತಿದ್ದದ್ದು ‘ಒಂದ್ನಿಮಿಷ’ ಎಂದೇ, ಆಮೇಲೆ ತೆಗೆದುಕೊಳ್ಳುತ್ತಿದ್ದದ್ದು ಎಂಟು ದಿನ. ಇನ್ನು ಅವರ ಕೈಯ ವಿಷಯ. ಸಭ್ಯತೆ ಬಿಡದೆ ಹೇಳುವುದಾದರೆ, ಅವರಿಗೆ ಮನುಷ್ಯರ ಕೈ ಬರೆಯಲು ಬರುವುದಿಲ್ಲ. ಇಂದಿಗೂ ಬರುವುದಿಲ್ಲ. ಅವರು ಬರೆದ ಬೆರಳು ಬದನೆಕಾಯಿಯ ಹಾಗಿರುತ್ತದೆ.

ವೃದ್ಧರ ಒಂಟಿತನದ ಕುರಿತು ಬಂದ ಒಂದು ಲೇಖನಕ್ಕೆ ನಮ್ಮಿಬ್ಬರಿಂದಲೂ ಚಿತ್ರ ಕೇಳಿದ್ದರು. ನಾನು ಕಿಟಕಿಯ ಬಳಿ ಕೂತ ಒಬ್ಬ ಮುದುಕನನ್ನು ಬರೆದೆ. ಅವನ ಹಣೆಯ ಸುಕ್ಕುಗಳಿಗೇ ಎರಡು ದಿನ ಹಿಡಿದಿತ್ತು. ಅವರು ಬರೆದದ್ದು ಮಕ್ಕಳ ಉದ್ಯಾನದ ಒಂದು ಏರಿಳಿಯುವ ಹಲಗೆ. ಅದರ ಒಂದು ತುದಿಯಲ್ಲಿ ಒಬ್ಬ ಮನುಷ್ಯ ನೆಲಕ್ಕೆ ತಾಗಿ ಕೂತಿದ್ದಾನೆ. ಎದುರಿನ ತುದಿ ಖಾಲಿಯಾಗಿ ಗಾಳಿಯಲ್ಲಿ ನಿಂತಿದೆ. ಅಷ್ಟೇ. ಆ ಮನುಷ್ಯನಿಗೆ ಮುಖವೂ ಇರಲಿಲ್ಲ. ಪತ್ರಿಕೆಯ ಸಂಪಾದಕರು ನನ್ನ ಚಿತ್ರವನ್ನು ನೋಡಿ ‘ಚೆನ್ನಾಗಿದೆ’ ಎಂದರು, ಅವರ ಚಿತ್ರವನ್ನು ನೋಡಿ ಎದ್ದು ಹೋಗಿ ತಮ್ಮ ತಂದೆಗೆ ಫೋನು ಮಾಡಿದರು. ಅಂದು ನನ್ನ ಹೊಟ್ಟೆಯಲ್ಲಿ ಹೊತ್ತಿದ್ದು ಇನ್ನೂ ಆರಿಲ್ಲ. ‘ನಿಮ್ಮ ಹೊಟ್ಟೆ ಮೇಲೆ ಪಾತ್ರೆ ಇಟ್ರೆ ಮನೆಗೆ ಗ್ಯಾಸೇ ಬೇಡ’ ಎಂದು ನನ್ನ ಹೆಂಡತಿ ಈಗಲೂ ಹಂಗಿಸುತ್ತಾಳೆ.

ಮುಂದಿನ ವರ್ಷಗಳಲ್ಲಿ ಅವರಿಗೆ ಹೊರಗಿನ ಕೆಲಸಗಳು ಒಂದರ ಹಿಂದೆ ಒಂದು ಬರತೊಡಗಿದವು. ತೊದಲುವಿಕೆಯ ಬಗ್ಗೆ ಒಬ್ಬ ವೈದ್ಯರು ಬರೆದ ಪುಸ್ತಕದ ಹೊದಿಕೆಗೆ ಅವರು ಒಂದು ಮೆಟ್ಟಿಲಸಾಲನ್ನು ಬರೆದರು: ಮೊದಲ ಮೆಟ್ಟಿಲು, ಮತ್ತೆ ಅದೇ ಮೊದಲ ಮೆಟ್ಟಿಲು, ಮತ್ತೆ ಅದೇ, ಆಮೇಲೆ ಸಲೀಸಾಗಿ ಮೇಲಕ್ಕೇರುವ ಉಳಿದ ಮೆಟ್ಟಿಲುಗಳು. ತಾವೇ ತೊದಲುತ್ತಿದ್ದ ಆ ವೈದ್ಯರು ಹೊದಿಕೆಯನ್ನು ಎದೆಗೆ ಒತ್ತಿಕೊಂಡು ನಮ್ಮ ಕೋಣೆಯಲ್ಲೇ ಹತ್ತು ನಿಮಿಷ ಕೂತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತ, ಮೆಟ್ಟಿಲು ಬರೆಯಲು ಯಾರಿಗೆ ಬರುವುದಿಲ್ಲ ಎಂದು ಮನಸ್ಸಿನಲ್ಲೇ ಗೊಣಗಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅದೇ ವರ್ಷ ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಾಯಿತು. ಅದು ಯಾರಿಗೆ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ. ಅಂದಿನಿಂದ ಅವರು ನಮಗೆಲ್ಲ ‘ಮೇಡಂ’ ಆದರು. ಮುಖ್ಯಸ್ಥರಾದ ಮೇಲೂ ಅವರು ಕಿಟಕಿಯ ಪಕ್ಕದ ಮೇಜನ್ನು ಕೇಳಲಿಲ್ಲ. ಕೇಳಿದ್ದರೆ ನನಗೆ ಜಗಳವಾಡಲು ಒಂದು ಕಾರಣವಾದರೂ ಸಿಗುತ್ತಿತ್ತು.

ಅವರು ನನಗೆ ಮಾಡಿದ ಉಪಕಾರಗಳಲ್ಲಿ ಒಂದನ್ನು ಇಲ್ಲಿ ಸ್ಮರಿಸದಿದ್ದರೆ ನನಗೆ ಕೃತಘ್ನನೆಂಬ ಹೆಸರೂ ಸೇರಿಕೊಳ್ಳುತ್ತದೆ. ನನ್ನ ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಆರು ವಾರ ಪೆನ್ಸಿಲು ಮುಟ್ಟಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಆಗ ಮಾಲೀಕರು ನನ್ನ ಧಾರಾವಾಹಿಯ ಚಿತ್ರಗಳನ್ನು ಹೊರಗಿನವರಿಗೆ ಕೊಡಲು ಹೊರಟಿದ್ದರಂತೆ. ಹೊರಗೆ ಹೋದ ಕೆಲಸ ಮರಳಿ ಬರುವುದಿಲ್ಲವೆಂದು ಅರಿತ ಇವರು ಅದನ್ನು ತಡೆದು, ಆರು ವಾರವೂ ನನ್ನ ಶೈಲಿಯಲ್ಲೇ, ಒಂದೊಂದೇ ರೆಪ್ಪೆಗೂದಲು ಬಿಡಿಸಿ, ನನ್ನ ಸಹಿಯ ಕೆಳಗೇ ಚಿತ್ರ ಬರೆದುಕೊಟ್ಟರು. ಆ ಆರು ವಾರಗಳಲ್ಲಿ ಧಾರಾವಾಹಿಯ ಪಾತ್ರಗಳೆಲ್ಲ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಿದವು. ನಾಯಕಿಯಂತೂ ಮದುವೆಯ ದಿನವೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಕಣ್ಣಿನ ಪಟ್ಟಿ ಬಿಚ್ಚಿ ಮರಳಿ ಬಂದಾಗ ನನ್ನ ಮೇಜಿನ ಮೇಲೆ ಓದುಗರೊಬ್ಬರ ಪತ್ರ ಕಾದಿತ್ತು. ‘ಇತ್ತೀಚೆಗೆ ನಿಮ್ಮ ಚಿತ್ರಗಳಲ್ಲಿ ಉಸಿರಾಡಲು ಜಾಗವಿದೆ’ ಎಂದು ಅದರಲ್ಲಿತ್ತು. ಹದಿನೇಳು ವರ್ಷದ ಸೇವೆಯಲ್ಲಿ ನನ್ನ ಹೆಸರಿಗೆ ಬಂದ ಮೊದಲ ಮೆಚ್ಚುಗೆಯ ಪತ್ರ ಅದು. ಅದನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದೆ. ಅವರಿಗೆ ಧನ್ಯವಾದ ಹೇಳಿದೆನೋ ಇಲ್ಲವೋ, ನೆನಪಿಲ್ಲ. ಹೇಳಿರಲಿಕ್ಕಿಲ್ಲ.

ಆ ಪತ್ರದ ಉರಿ ಆರುವ ಮೊದಲೇ ಆಸ್ಪತ್ರೆಯ ಗೋಡೆಯ ಕೆಲಸ ಬಂತು. ಅದು ಮೊದಲು ಬಂದದ್ದು ನನ್ನ ಬಳಿಗೆ. ಆಸ್ಪತ್ರೆಯ ಮುಖ್ಯ ವೈದ್ಯೆ ನಮ್ಮ ಪತ್ರಿಕೆಯನ್ನು ತಪ್ಪದೆ ಓದುವವರು. ಅವರ ಆಸ್ಪತ್ರೆ ಒಂದಕ್ಕೊಂದು ಅಂಟಿಸಿ ಕಟ್ಟಿದ ಐದು ಕಟ್ಟಡಗಳ ಗೋಜಲು. ರೋಗಿಗಳು ದಾರಿ ತಪ್ಪಿ ಎಕ್ಸ್‌ರೇ ಬದಲು ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದರು. ಗೋಡೆಗಳ ಮೇಲೆ ಏನಾದರೂ ಬರೆದು ದಾರಿ ತೋರಿಸಬೇಕೆಂದು ಕೇಳಿದರು. ನಾನು ನಲವತ್ತೆರಡು ಬಗೆಯ ಹಕ್ಕಿಗಳಿರುವ ಒಂದು ತೋಟದ ಕರಡನ್ನು ಒಂದೊಂದೇ ಗರಿ ಬಿಡಿಸಿ ಬರೆದುಕೊಂಡು ಹೋದೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ, ಮನಸ್ಸಿಗೆ ನೋವಾಗದ ಹಾಗೆ, ‘ತುಂಬಾ ಚೆನ್ನಾಗಿದೆ. ಆದ್ರೆ ನನ್ನ ರೋಗಿಗಳಿಗೆ ಮರಕುಟಿಗ ಎಲ್ಲಿದೆ ಅಂತ ಗೊತ್ತಾಗುತ್ತೆ, ಎಕ್ಸ್‌ರೇ ಎಲ್ಲಿದೆ ಅಂತ ಗೊತ್ತಾಗಲ್ಲವಲ್ಲ’ ಎಂದರು. ಕೆಲಸ ನಮ್ಮ ಮೇಡಂಗೆ ಹೋಯಿತು.

ಮೇಡಂ ‘ಒಂದ್ನಿಮಿಷ’ ಎಂದು ಹೇಳಿ, ಆಸ್ಪತ್ರೆಯ ಒಳಗಿನ ಓಣಿಯಲ್ಲಿ ಒಂದು ಬೆಂಚಿನ ಮೇಲೆ ಎಂಟು ದಿನ ಕೂತರು. ಕಾಗದವಿಲ್ಲ, ಪೆನ್ಸಿಲಿಲ್ಲ. ಅವರು ಕೆಲಸ ಮಾಡುವ ಕ್ರಮವೇ ಅದು: ಏನನ್ನು ಬರೆಯಬೇಕೋ ಅದರ ಮಧ್ಯೆ ಹೋಗಿ ಸುಮ್ಮನೆ ಕೂರುವುದು. ನಾನು ಐದು ವರ್ಷ ಆ ಆಸ್ಪತ್ರೆಗೆ ಕಣ್ಣು ತೋರಿಸಲು ಹೋಗಿ ಬಂದರೂ ಕಾಣದ್ದು ಅವರಿಗೆ ಎಂಟು ದಿನದಲ್ಲಿ ಕಂಡಿತು. ಕಾಯಿಲೆಯವರು, ಕಾಯಿಲೆಯವರ ಕಡೆಯವರು, ತಲೆಯೆತ್ತಿ ಫಲಕ ನೋಡುವುದಿಲ್ಲ. ಗೋಡೆಗೆ ಕೈ ಆನಿಸಿಕೊಂಡು ನಡೆಯುತ್ತಾರೆ. ಗೋಡೆಯುದ್ದಕ್ಕೂ ಸೊಂಟದೆತ್ತರದಲ್ಲಿ ಸಾವಿರಾರು ಅಂಗೈಗಳು ಮೂಡಿಸಿದ ಒಂದು ಕೊಳೆಯ ಪಟ್ಟಿಯೇ ಇತ್ತು. ಅವರು ಆ ಕೊಳೆಯ ಮೇಲೆಯೇ ಒಂದು ನೀಲಿ ದಾರವನ್ನು ಎಳೆಯಲು ತೀರ್ಮಾನಿಸಿದರು. ಹೆಬ್ಬಾಗಿಲ ಬಳಿ ಒಂದು ದಾರದ ಉಂಡೆ. ಅಲ್ಲಿಂದ ಹೊರಟ ದಾರ ಕಣ್ಣಿನ ವಿಭಾಗದಲ್ಲಿ ಸೂಜಿಯೊಳಗೆ ನುಸುಳುತ್ತದೆ, ಮೂಳೆಯ ವಿಭಾಗದಲ್ಲಿ ತುಂಡಾಗಿ ಗಂಟು ಹಾಕಿಸಿಕೊಳ್ಳುತ್ತದೆ, ಕಿವಿಯ ವಿಭಾಗದಲ್ಲಿ ಎರಡು ಬೆಂಕಿಪೆಟ್ಟಿಗೆಗಳ ನಡುವಿನ ಆಟದ ಫೋನಾಗುತ್ತದೆ, ಮಕ್ಕಳ ವಿಭಾಗದಲ್ಲಿ ಗಾಳಿಪಟವನ್ನು ಹಿಡಿದುಕೊಳ್ಳುತ್ತದೆ, ಹೆರಿಗೆಯ ವಿಭಾಗದಲ್ಲಿ ಅರ್ಧ ಹೆಣೆದ ಎರಡು ಪುಟ್ಟ ಕಾಲುಚೀಲಗಳಾಗಿ ನಿಲ್ಲುತ್ತದೆ. ಇದನ್ನೆಲ್ಲ ಅವರು ಹೇಳುತ್ತಿದ್ದಾಗ ನನಗೆ ಎದ್ದು ಹೋಗಿ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಇಷ್ಟು ಸುಲಭವಾದದ್ದು ನನಗೇಕೆ ಹೊಳೆಯಲಿಲ್ಲ?

ಬಣ್ಣ ಬಳಿಯಲು ನನ್ನೊಬ್ಬನನ್ನು ಬಿಟ್ಟು ಬೇರೆ ಕಲಾವಿದರನ್ನು ಅವರು ಕರೆಯಲಿಲ್ಲ. ದಾದಿಯರು, ಕಸ ಗುಡಿಸುವವರು, ಔಷಧಿ ಕೊಡುವವರು, ಗುಣವಾಗಿ ಮನೆಗೆ ಹೊರಟಿದ್ದ ರೋಗಿಗಳು, ಎಲ್ಲರ ಕೈಗೂ ಕುಂಚ ಕೊಟ್ಟರು. ಇಡೀ ಊರಿನಲ್ಲಿ ನೇರವಾದ ಗೆರೆ ಎಳೆಯಬಲ್ಲ ಕೈ ಒಂದೇ ಎಂದು ಎಲ್ಲರ ಮುಂದೆ ಹೇಳಿ, ಅತಿ ಉದ್ದದ ಭಾಗವನ್ನು ನನಗೆ ಒಪ್ಪಿಸಿದರು: ಔಷಧಿಯ ಕಿಟಕಿಯಿಂದ ಶಸ್ತ್ರಚಿಕಿತ್ಸೆಯ ನಿರೀಕ್ಷಣಾ ಕೊಠಡಿಯವರೆಗೆ. ದಾರಿಯುದ್ದಕ್ಕೂ ಸೀಮೆಸುಣ್ಣದ ಗುರುತುಗಳನ್ನೂ ತಾವೇ ಹಾಕಿಕೊಟ್ಟರು.

ಈಗ ಬಚ್ಚಿಟ್ಟ ಸಂಗತಿ. ಶನಿವಾರ ಮಧ್ಯಾಹ್ನ. ಎಲ್ಲರೂ ಚಹಾ ಕುಡಿಯಲು ಹೋಗಿದ್ದರು. ನಾನು ಗೆರೆ ಎಳೆಯುತ್ತ ಒಂದು ಕವಲಿಗೆ ಬಂದೆ. ಸೀಮೆಸುಣ್ಣದ ಬಾಣ ಬಲಕ್ಕೆ ತಿರುಗೆಂದು ಹೇಳುತ್ತಿತ್ತು. ಎಡಕ್ಕೆ, ಮುಂದೆ ದಾರಿಯಿಲ್ಲದ, ಇಪ್ಪತ್ತೆರಡು ಅಡಿಯ ಒಂದು ಕುರುಡು ಓಣಿ. ಮುರಿದ ಮಂಚಗಳನ್ನು ಅಲ್ಲಿ ಒಟ್ಟಿದ್ದರು, ತುದಿಯಲ್ಲಿ ಹಲಗೆ ಹೊಡೆದು ಮುಚ್ಚಿದ ಒಂದು ಕಿಟಕಿ. ನಾನು ಜೇಬಿನಿಂದ ಒದ್ದೆ ಬಟ್ಟೆ ತೆಗೆದು ಆ ಬಾಣವನ್ನು ಒರೆಸಿದೆ. ಆಮೇಲೆ ಎಡಕ್ಕೆ ತಿರುಗಿ, ಗೋಡೆ ಮುಗಿಯುವವರೆಗೂ ಗೆರೆ ಎಳೆದೆ. ಒರೆಸಿದರೆ ಹೋಗದ ಎಣ್ಣೆಬಣ್ಣ ಅದು. ಸೋಮವಾರ ಉದ್ಘಾಟನೆ; ಮೇಡಂನ ಜಾಣ ದಾರ ರೋಗಿಗಳನ್ನು ಮುರಿದ ಮಂಚಗಳ ನಡುವೆ ತಂದು ನಿಲ್ಲಿಸುವುದನ್ನು ಮುಖ್ಯ ವೈದ್ಯೆ ಅತಿಥಿಗಳ ಜೊತೆ ನಿಂತು ನೋಡಲಿ, ಆಗ ನನ್ನ ನಲವತ್ತೆರಡು ಹಕ್ಕಿಗಳು ನೆನಪಾಗಲಿ ಎಂಬುದಷ್ಟೇ ನನ್ನ ಉದ್ದೇಶ. ಕೈತಪ್ಪಲ್ಲ, ಕಣ್ಣಿನ ದೋಷವಲ್ಲ. ಹೊಟ್ಟೆಕಿಚ್ಚು.

ಅವರು ಚಹಾ ಮುಗಿಸಿ ಬಂದಾಗ ನಾನು ಮೊದಲೇ ಅಭ್ಯಾಸ ಮಾಡಿಟ್ಟುಕೊಂಡಿದ್ದ ಮುಖವನ್ನು ಹಾಕಿಕೊಂಡು, ಗುರುತು ಕಾಣಲಿಲ್ಲ, ತಪ್ಪಾಗಿಹೋಯಿತು ಎಂದು ಹಲುಬಿದೆ. ಅವರು ಓಣಿಯ ಬಾಯಲ್ಲಿ ನಿಂತು ನೋಡಿದರು. ಗದರುತ್ತಾರೆ, ಅಳುತ್ತಾರೆ, ಕಡೆಗೆ ಒಂದು ನಿಟ್ಟುಸಿರಾದರೂ ಬಿಡುತ್ತಾರೆ ಎಂದು ನಾನು ಕಾದಿದ್ದೆ. ಅವರು ಅಂದದ್ದು ‘ಒಂದ್ನಿಮಿಷ’. ಹೋಗಿ ಒಂದು ಮುರಿದ ಮಂಚದ ಅಂಚಿನ ಮೇಲೆ ಕೂತರು, ಕತ್ತಲಾಗುವವರೆಗೂ ಏಳಲಿಲ್ಲ.

ಮರುದಿನ ಮಂಚಗಳನ್ನು ಸಾಗಿಸಿದರು. ಕಿಟಕಿಯ ಹಲಗೆ ಕೀಳಿಸಿದರು. ಹೊರಗೆ ಒಂದು ಬೇವಿನ ಮರವಿತ್ತೆಂದು ಆಸ್ಪತ್ರೆಯವರಿಗೇ ಗೊತ್ತಿರಲಿಲ್ಲ. ಗೋಡೆಗೆ ತಾಗಿಸಿ ಒಂದು ಬೆಂಚು ಹಾಕಿಸಿದರು. ನನ್ನ ಗೆರೆ ನಿಂತ ಜಾಗದಲ್ಲಿ ಒಂದು ಖಾಲಿ ಕುರ್ಚಿಯನ್ನು ಬರೆದು, ದಾರವನ್ನು ಅದರ ಮೇಲೆ ಸಡಿಲವಾಗಿ ಇಳಿಬಿಟ್ಟರು. ಬೇರೆಲ್ಲ ಕಡೆ ಆ ದಾರ ಏನಾದರೂ ಒಂದು ಕೆಲಸ ಮಾಡುತ್ತದೆ. ಅಲ್ಲಿ ಮಾತ್ರ ಸುಮ್ಮನೆ ಬಿದ್ದುಕೊಂಡಿದೆ. ಕವಲಿನಿಂದ ಬಲಕ್ಕೆ ಇನ್ನೊಂದು ಎಳೆಯನ್ನು ಎಳೆದು ಕೆಲಸ ಮುಗಿಸಿದರು. ಆ ಓಣಿಗೆ ಫಲಕ ಹಾಕಲಿಲ್ಲ. ಬೇಕಾಗಲೂ ಇಲ್ಲ. ಒಳಗಿನಿಂದ ಕೆಟ್ಟ ಸುದ್ದಿ ಕೇಳಿ ಹೊರಬಂದವರು ವಾರದೊಳಗೆ ತಾವಾಗಿಯೇ ಅಲ್ಲಿ ಹೋಗಿ ಕೂರತೊಡಗಿದರು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರೆ. ನನ್ನ ವಿಷಯದಲ್ಲಿ ಬಗೆದದ್ದು ದೈವವಲ್ಲ, ಅವರು.

ಆ ಓಣಿಯ ಖ್ಯಾತಿಯ ಬಗ್ಗೆ ಈ ಗ್ರಂಥದಲ್ಲೇ ಮೂವರು ಬರೆದಿದ್ದಾರೆ. ದೂರದೂರದ ಆಸ್ಪತ್ರೆಗಳವರು ಬಂದು ನೋಡಿ ಅಳತೆ ತೆಗೆದುಕೊಂಡು ಹೋದದ್ದನ್ನು ನಾನು ಮತ್ತೆ ವಿವರಿಸುವುದಿಲ್ಲ. ಪ್ರಶಸ್ತಿ ಬಂದ ದಿನ ಅವರು ವೇದಿಕೆಯ ಮೇಲೆ, ಆ ತಿರುವು ತಮ್ಮದಲ್ಲ, ರೆಪ್ಪೆ ಮಾಸ್ತರದು ಎಂದು ಹೇಳಿ ನನ್ನನ್ನು ಮೇಲಕ್ಕೆ ಕರೆದರು. ನನ್ನ ಕೈಗೂ ಒಂದು ಫಲಕ ಬಂತು. ಜನ ಚಪ್ಪಾಳೆ ತಟ್ಟಿದರು. ನಾನು ಆ ಫಲಕವನ್ನು ಬಟ್ಟೆಯ ಬೀರುವಿನ ಮೇಲೆ, ಮುಖ ಗೋಡೆಗೆ ಮಾಡಿ ಇಟ್ಟೆ. ಹೆಂಡತಿ ಕೇಳಿದಾಗ ಧೂಳು ಕೂರುತ್ತದೆ ಎಂದೆ.

ನಾಲ್ಕು ವರ್ಷದ ಹಿಂದೆ ನನ್ನ ಅಣ್ಣನಿಗೆ ಅದೇ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಬೆಳಗ್ಗೆ ಹನ್ನೊಂದು ಗಂಟೆಗೆ ವೈದ್ಯರು ಹೊರಗೆ ಬಂದು ಟೋಪಿ ತೆಗೆದು, ಎರಡೇ ಮಾತು ಹೇಳಿದರು. ನನಗೆ ಪೆನ್ಸಿಲು ಹಿಡಿಯಲು ಕಲಿಸಿದವನು ಅಣ್ಣ. ಆಮೇಲೆ ನಾನು ಎಲ್ಲಿಗೆ ಹೊರಟೆನೋ ಗೊತ್ತಿಲ್ಲ. ಕೈ ಗೋಡೆಯ ಮೇಲಿತ್ತು, ಕಾಲು ಕೈಯ ಹಿಂದೆ ಹೋಯಿತು. ನೋಡಿದರೆ ಎಡಗಡೆಯ ಓಣಿಯ ಬೆಂಚಿನ ಮೇಲೆ ಕೂತಿದ್ದೇನೆ. ಮಾಡಿದ್ದುಣ್ಣೋ ಮಹಾರಾಯ ಎಂದರೆ ಇದೇ ಇರಬೇಕು. ಪೊರಕೆ ಹಿಡಿದು ಬಂದ ಹೆಂಗಸೊಬ್ಬಳು ನನ್ನನ್ನು ಕಂಡು ಹಿಂದಕ್ಕೆ ಸರಿದಳು. ನಾನು ಏಳಲು ಹೋದೆ. ‘ಕೂತ್ಕೊಳ್ಳಿ ಸ್ವಾಮಿ, ಇಲ್ಲಿ ಕೂತವರನ್ನ ನಾವು ಏಳಿಸಲ್ಲ’ ಎಂದು ಹೇಳಿ ಬೇರೆ ಕಡೆ ಗುಡಿಸಲು ಹೋದಳು. ಅಲ್ಲಿ ಒಂದು ಗಂಟೆ ಅತ್ತೆ. ನಿಜ ಹೇಳುತ್ತೇನೆ, ಅಳುತ್ತಲೇ ನನ್ನ ಕಣ್ಣು ಎದುರಿನ ಗೋಡೆಯ ಕುರ್ಚಿಯನ್ನು ನೋಡಿತು. ದಾರದ ನೆರಳನ್ನು ಕಿಟಕಿಯ ಬೆಳಕು ಬೀಳುವ ಕಡೆಗೇ ಸರಿಯಾಗಿ ಹಾಕಿದ್ದಾರಲ್ಲ ಎಂದು ಆ ಹೊತ್ತಿನಲ್ಲೂ ನನ್ನ ಹೊಟ್ಟೆ ಉರಿಯಿತು.

ಹೀಗಾಗಿ ಮುಖಪುಟದ ಮೇಲೆ ನನ್ನ ಹೆಸರೆಂದಾಗ ನನಗೆ ತಡೆಯಲಾಗಲಿಲ್ಲ. ಹೋದ ತಿಂಗಳು ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಅವರ ತಂಗಿ ಬಾಗಿಲು ತೆಗೆದು, ಕಾಫಿ ಕೊಟ್ಟು ಒಳಗೆ ಹೋದರು. ಮೇಡಂ ಪೆನ್ಸಿಲು ಚೂಪು ಮಾಡುತ್ತ ಕೂತಿದ್ದರು. ನಾನು ಒದ್ದೆ ಬಟ್ಟೆಯಿಂದ ಹಿಡಿದು ಅಭ್ಯಾಸದ ಮುಖದವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಪೆನ್ಸಿಲಿನ ತುದಿಯನ್ನು ಊದಿ ಮೇಜಿನ ಮೇಲಿಟ್ಟರು.

‘ಗೊತ್ತಿತ್ತು ರೀ,’ ಎಂದರು. ‘ದಾರಿ ತಪ್ಪಿದವರು ಎಲ್ಲೋ ಒಂದು ಕಡೆ ಕುಂಚ ಎತ್ತಿ, ಇದು ಸರಿಯಾ ಅಂತ ನೋಡ್ತಾರೆ. ಅಲ್ಲಿ ಬಣ್ಣ ದಪ್ಪ ಆಗುತ್ತೆ. ಇಪ್ಪತ್ತೆರಡು ಅಡಿಯಲ್ಲಿ ನೀವು ಒಂದು ಸಲಾನೂ ಎತ್ತಿಲ್ಲ.’

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಹತ್ತೊಂಬತ್ತು ವರ್ಷ ಕುಡಿದಿದ್ದೆ. ಎಲ್ಲ ಗೊತ್ತಿದ್ದೂ ವೇದಿಕೆಗೆ ಯಾಕೆ ಕರೆದಿರಿ, ಕರುಣೆಯಿಂದಲೇ ಎಂದು ಕೇಳಿದೆ. ಕರುಣೆ ಎಂದಿದ್ದರೆ ಆ ಮನೆಯ ಮೆಟ್ಟಿಲನ್ನು ಮತ್ತೆ ತುಳಿಯುತ್ತಿರಲಿಲ್ಲ.

‘ಕರುಣೆ ಎಲ್ಲಿಂದ ಬಂತು? ಎಂಟು ದಿನ ಆ ಓಣಿ ಎದುರಿಗೇ ಕೂತಿದ್ದೆ. ಎಲ್ಲರೂ ಎಲ್ಲಿಗೆ ಹೋಗ್ತಾರೆ ಅಂತ ನೋಡಿದೆ. ಹೋಗೋಕೆ ಜಾಗವೇ ಇಲ್ಲದವರನ್ನ ನೋಡಲೇ ಇಲ್ಲ. ನೀವು ಬಂದು, ಸಿಟ್ಟಿನಲ್ಲಿ ಒಂದು ಗೆರೆ ಎಳೆದು, ಅದನ್ನ ಕಂಡುಹಿಡಿದುಬಿಟ್ರಿ. ಅವತ್ತು ಆ ಮಂಚದ ಮೇಲೆ ಯಾಕೆ ಕೂತಿದ್ದೆ ಅಂದುಕೊಂಡಿದ್ದೀರಿ? ಹೊಟ್ಟೆ ಉರೀತಿತ್ತು ರೀ. ಮೊದಲೇ ಕೈ ಬರೆಯೋಕೆ ಬರೋರು ನೀವು. ಈಗ ಇದೂ ನಿಮ್ಮದೇ ಆಯ್ತಲ್ಲ ಅಂತ.’

ನಾನು ಕಾಫಿಯ ಲೋಟವನ್ನು ಎಲ್ಲಿಟ್ಟೆನೋ ತಿಳಿಯದು. ನನ್ನ ಮೇಲೆ, ಅವರಿಗೆ, ಹೊಟ್ಟೆಕಿಚ್ಚು! ಮೂವತ್ತಾರು ವರ್ಷದಲ್ಲಿ ನನಗೆ ಯಾರೂ ಕೊಡದ ಪ್ರಶಸ್ತಿ ಅದು. ಮನೆಗೆ ಬಂದವನೇ ಬೀರುವಿನ ಮೇಲಿನ ಫಲಕವನ್ನು ಕೆಳಗಿಳಿಸಿ, ಧೂಳು ಒರೆಸಿ, ಮುಖ ಈಚೆಗೆ ತಿರುಗಿಸಿ ಇಟ್ಟೆ. ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿದಳು. ಮುಖಪುಟದ ಮೇಲೆ ಹೆಸರು ಇರಲಿ, ಆದರೆ ಅದು ಯಾವ ಗುಣದಿಂದ ಅಲ್ಲಿಗೆ ಬಂತೆಂಬುದೂ ಒಳಗಡೆ ಇರಲಿ ಎಂದು ಸಂಪಾದಕರಿಗೆ ಹೇಳಿ ಕಳುಹಿಸಿದೆ.

ಈ ಗ್ರಂಥಕ್ಕೆ ನೆಪವಾದ ಅವರ ನಿವೃತ್ತಿ ಕಚೇರಿಯ ಕಡತಕ್ಕೆ ಮಾತ್ರ ಸಂಬಂಧಪಟ್ಟದ್ದು. ಬರುವ ತಿಂಗಳಿನಿಂದ ನ್ಯಾಯಾಲಯದ ಹಳೆಯ ಕಟ್ಟಡದ ಓಣಿಗಳನ್ನು ಅವರು ಕೈಗೆತ್ತಿಕೊಳ್ಳುತ್ತಿದ್ದಾರೆ. ವರ್ಷಗಟ್ಟಲೆ ತೀರ್ಪಿಗಾಗಿ ಕಾಯುವವರು ಅಲ್ಲಿಯೂ ಗೋಡೆಗೆ ಕೈಯಿಟ್ಟುಕೊಂಡೇ ನಡೆಯುತ್ತಾರಂತೆ. ಗೆರೆ ಎಳೆಯಲು ನನ್ನನ್ನು ಕರೆದಿದ್ದಾರೆ. ಸೀಮೆಸುಣ್ಣದ ಗುರುತು ಈ ಸಲ ಹಾಕಿಕೊಡುವುದಿಲ್ಲವಂತೆ, ಎಲ್ಲಿ ತಿರುಗಬೇಕೆಂದು ನನಗನ್ನಿಸುತ್ತದೋ ಅಲ್ಲಿ ತಿರುಗಬೇಕಂತೆ. ಅದಕ್ಕೇ ನಾನು ಈಗ ದಿನವೂ ಬೆಳಗ್ಗೆ ನ್ಯಾಯಾಲಯದ ಬೆಂಚೊಂದರ ಮೇಲೆ, ಕಾಗದ ಪೆನ್ಸಿಲು ಬಿಟ್ಟು, ಸುಮ್ಮನೆ ಹೋಗಿ ಕೂರುತ್ತಿದ್ದೇನೆ. ಇಂದಿಗೆ ಐದನೆಯ ದಿನ. ಇನ್ನೂ ಏನೂ ಕಂಡಿಲ್ಲ.

ನಮ್ಮ ಮೇಡಂಗೆ ದೀರ್ಘಾಯುಸ್ಸು, ಆರೋಗ್ಯ, ಚೂಪಾದ ಪೆನ್ಸಿಲುಗಳು ಮತ್ತು ಮುಗಿಯದಷ್ಟು ಗೋಡೆಗಳು ದೊರೆಯಲೆಂದು ಮನಸಾರೆ ಹಾರೈಸುತ್ತೇನೆ. ಈ ಹಾರೈಕೆಯಲ್ಲಿ ನನ್ನ ಸ್ವಾರ್ಥವೂ ಇದೆಯೆಂಬುದನ್ನು ಮುಚ್ಚಿಡುವುದಿಲ್ಲ. ಅವರ ಹೊಟ್ಟೆ ನನ್ನಿಂದಾಗಿ ಒಂದು ಸಲ ಉರಿದದ್ದನ್ನು ನಾನು ನೋಡುವ ಭಾಗ್ಯ ಪಡೆಯಲಿಲ್ಲ. ಇನ್ನೊಂದು ಸಲ ಉರಿಯುವಾಗ ಪಕ್ಕದಲ್ಲೇ ನಿಂತು ನೋಡಬೇಕು.